ಕುಪ್ಪಿಯ ಮೇಲಿನ ಚೀಟಿ

ಖರ ಸಂವತ್ಸರದ ಮಾಘದಲ್ಲಿ ನನಗೊಂದು ಕೆಲಸ ಸಿಕ್ಕಿತು:
ಅರಸೀಕೆರೆಯವರೆಗೆ ರೈಲಿನಲ್ಲಿ, ಅಲ್ಲಿಂದ ಹಾಸನಕ್ಕೆ ಎತ್ತಿನ ಗಾಡಿಯಲ್ಲಿ
ಹುಲ್ಲು ಹೊದ್ದು ಬರುವ ಸೀಮೆಯ ಸೀಸೆಗಳಿಗೆ
ಕನ್ನಡದ ಚೀಟಿ ಬರೆದು ಅಂಟಿಸುವುದು.
ನೂರಕ್ಕೆ ಐದಾಣೆ. ಗೋಂದು ನನ್ನದು.

ಪೇಟೆಯ ಕುಪ್ಪಯ್ಯಶೆಟ್ಟರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ:
ಕ್ರಾಂಬಿ ಡಾಕ್ಟರ ಜೀವಾಮೃತ ಸಿರಪ್ಪು.
ಚಳಿಜ್ವರ, ನಾಯಿಕೆಮ್ಮು, ವಾಂತಿಭೇದಿ, ಹೊಟ್ಟೆನುಲಿ,
ಹೆಂಗಸರ ಬಿಳುಪು, ಗಂಡಸರ ಬಳಲಿಕೆ.
ದೊಡ್ಡವರಿಗೆ ಉದ್ಧರಣೆ ತುಂಬ, ಮಕ್ಕಳಿಗೆ ಅರ್ಧ.
ಕೆಳಗೆ ಇನ್ನೂ ಜಾಗ ಉಳಿದಿತ್ತು.
ಖಾಲಿ ಬಿಡಲು ಮನಸ್ಸಾಗದೆ ನಾನೇ ಸೇರಿಸಿದೆ:
ಕೆಟ್ಟ ಕನಸು. ದೃಷ್ಟಿ. ಅತ್ತೆಯ ಮಾತಿನಿಂದ ಬರುವ ತಲೆನೋವು.
ಶೆಟ್ಟರು ಓದಿದರು, ನಕ್ಕರು,
ಹೊಸ ನಿಬ್ಬು ಕೊಡಿಸಿದರು.

ಕ್ರಾಂಬಿಯನ್ನು ಕಂಡವರಿಲ್ಲ.
ಗಾಜಿನಲ್ಲೇ ಉಬ್ಬಿದ ಗಡ್ಡ,
ತಡವಿದರೆ ಬೆರಳಿಗೆ ಸಿಗುವ ಮೂಗು.
ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ,
ಈ ಬಿರಡೆ ದಿನಕ್ಕೆ ಮೂರು ಸಲ,
ಇದನ್ನೂ ಬರೆಯಲೇ ಎಂದೆ.
ಶೆಟ್ಟರು ಕೆನ್ನೆ ಕೆನ್ನೆ ಬಡಿದುಕೊಂಡರು.

ಸಾಲಗಾಮೆ ಕಡೆಯವಳೊಬ್ಬಳು ಸೌದೆ ಹೊರೆ ಇಳಿಸಿ
ಜಗಲಿಯ ಕೆಳಗೆ ನಿಂತಳು.
ಮಗನಿಗೆ ಮೂರು ದಿನಕ್ಕೊಮ್ಮೆ ನಡುಕದ ಚಳಿ.
ರಾಣಿ ಮುಖದ ರೂಪಾಯಿಯನ್ನು ಅವಳು ಮುಟ್ಟಿರಲಿಲ್ಲ.
‘ಸೀಸೆ ಬ್ಯಾಡಿ ಸಾಮಿ, ಕಾಗ್ದ ಒಂದು ಕೊಡಿ.’
ಕೊಟ್ಟೆ. ಬೀಡಿಯಂತೆ ಸುರುಳಿ ಸುತ್ತಿ
ಸೆರಗಿನ ನೂಲೆಳೆದು ಅವನ ತೋಳಿಗೆ ಬಿಗಿದಳು:
‘ಜ್ವರಾನೇ ಓದ್ಕೊಂಡು ಹೋಗ್ಲಿ.’

ನಮ್ಮ ಮನೆಯಲ್ಲೂ ಒಂದು ಕೂಸು. ಅಕ್ಕನದು, ಮೂರನೇ ತಿಂಗಳು,
ಇರುಳಿಡೀ ಅಳು. ಕತ್ತು ಬಿರಿದ ಸೀಸೆಯೊಂದನ್ನು
ಶೆಟ್ಟರು ನನಗೆ ಬಿಟ್ಟುಕೊಟ್ಟಿದ್ದರು, ತಂದೆ.
ಸೂಲಗಿತ್ತಿ ಹೊನ್ನಾಜಮ್ಮ ಬಜೆ ತೇಯುತ್ತಿದ್ದಳು,
ಒದ್ದೆ ಕಲ್ಲಿನ ಮೇಲೆ ಎರಡೇ ಸುತ್ತು,
ಮೂರನೆಯದು ಸುತ್ತಿದರೆ ಕೈಗೆ ತಾನೇ ಹೊಡೆದುಕೊಳ್ಳುವವಳು.
ಬಿರಡೆ ಕಿತ್ತು ಮೂಸಿ, ನಾಲಗೆಗೆ ಒಂದು ಹನಿ.
ಬಹಳ ಹೊತ್ತು ಬಾಯಿ ಚಪ್ಪರಿಸಲಿಲ್ಲ.

‘ಸಾರಾಯಿ. ಪಾಕ. ಅಫೀಮು.
ಇಷ್ಟೇ ಕಣಪ್ಪ. ಉಳಿದದ್ದೆಲ್ಲ ನಿನ್ನ ಅಕ್ಷರ.’

ಹೆಬ್ಬೆರಳಿನ ಉಗುರು ತೋರಿಸಿದಳು ಆಮೇಲೆ:
‘ನಾಟಿಗೆ ಹೋಗೋ ತಾಯಂದ್ರ ಕೂಸಿಗೆ
ನಾನೂ ಇಟ್ಟಿದ್ದೆ ಇಲ್ಲಿಂದ, ಅರ್ಧ ಸಾಸಿವೆ.
ಮಲಗ್ತಾವೆ, ಚೆನ್ನಾಗೇ ಮಲಗ್ತಾವೆ.
ಒಂದು ಏಳ್ಲಿಲ್ಲ.’
ಮತ್ತೆ ಕಲ್ಲಿಗೆ ನೀರು ಹನಿಸಿದಳು.

ಮರುದಿನದಿಂದ ಚೀಟಿಯ ತುದಿಯಲ್ಲಿ
ಇರುವೆ ಗಾತ್ರದ ಒಂದು ಸಾಲು:
ಹಾಲುಕೂಸಿಗೆ ಕೊಡಬಾರದು.
ಬೇಲೂರಿಗೆ, ಆಲೂರಿಗೆ, ಮಂಜರಾಬಾದಿನ ಕಾಫಿತೋಟಗಳಿಗೆ
ಹೀಗೆ ನಲವತ್ತೊಂದು ಸೀಸೆ ಹೋದವು.
ನಲವತ್ತೆರಡನೆಯದು ಶೆಟ್ಟರ ಕಣ್ಣಿಗೆ ಬಿತ್ತು.

ಅವರು ಕೂಗಾಡುವ ಪೈಕಿ ಅಲ್ಲ.
ಎಲೆಯಡಿಕೆ ಮುಗಿಸಿ, ಬಾಯಿ ಮುಕ್ಕಳಿಸಿ ಬಂದು
ಮೆಲ್ಲಗೆ ಹೇಳಿದರು, ‘ರಾಯರೇ,
ನಡುವೆ ಎರಡಕ್ಷರ ತಪ್ಪಾಗಿದೆ, ತಿದ್ದಿ.’

‘ಬಾ’ ತೆಗೆದು ‘ಬ’. ‘ರ’ ತೆಗೆದು ‘ಹು’.
ಕೊಡಬಹುದು.
ಶಾಯಿ ಸಹ ಹೆಚ್ಚು ಹಿಡಿಯಲಿಲ್ಲ.
ತಿದ್ದಿದೆ. ನೂರಕ್ಕೆ ಐದಾಣೆ. ಆಮೇಲೆ ಆರಾಯಿತು.

ಸೌದೆಯವಳು ಇನ್ನೂ ಬರುತ್ತಿದ್ದಳು,
ಹಿಂದೆ ಆ ಹುಡುಗ, ತಲೆಯ ಮೇಲೆ ಸಣ್ಣದೊಂದು ಹೊರೆ,
ತೋಳಲ್ಲಿ ಬೆವರಿಗೆ ಕಪ್ಪಾದ ನೂಲು.
ನನ್ನ ಚೀಟಿಯಿಂದಲೇ ಉಳಿದ ಎಂದು
ಅವಳು ಕೈಮುಗಿದಾಗಲೆಲ್ಲ ನಾನು
ಗೋಂದಿನ ಬಟ್ಟಲಲ್ಲಿ ಏನನ್ನೋ ಹುಡುಕುತ್ತಿದ್ದೆ.

ಈಗ ನನ್ನ ಕೈ ನಡುಗುತ್ತದೆ, ಬರೆಯಲಾರೆ.
ಯಾರ ಮನೆಗೆ ಹೋದರೂ ಕಣ್ಣು ಗೋಡೆಯ ಗೂಡಿಗೆ.
ಹರಳೆಣ್ಣೆ ತುಂಬಿಕೊಂಡು ನಿಂತ ಕ್ರಾಂಬಿ ಸಿಕ್ಕರೆ
ಎತ್ತಿ ಬೆಳಕಿಗೆ ಹಿಡಿಯುತ್ತೇನೆ:
ಇದು ಆ ನಲವತ್ತೊಂದರಲ್ಲಿ ಒಂದೋ, ಅಲ್ಲವೋ?
ಚೀಟಿ ಎಣ್ಣೆ ಕುಡಿದು ಜೇನುಬಣ್ಣ.
ಹಾಲುಕೂಸಿಗೆ ಕೊಡ
ಅಲ್ಲಿಯವರೆಗೆ ಓದಬಹುದು.