ಭಟ್ಟಿ ಹೊತ್ತಿಸುವ ಮುಂಚೆ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ
ನಸುಕಿನ ನಾಲ್ಕಕ್ಕೆ ಬೇರೆ ಸದ್ದಿಲ್ಲ.
ಜೈತುನ್‌ಬಿ ಕಬ್ಬಿಣದ ಸಲಾಕೆಯಿಂದ
ಒಲೆಯ ಬಾಯಿಗೆ ಬಡಿಯುತ್ತಾಳೆ.
ಒಂದು. ಎರಡು. ಮೂರು.
ಆಮೇಲೆ ಕಾಯುತ್ತಾಳೆ,
ಎಲೆಗೆ ಸುಣ್ಣ ಸವರಿ ಮಡಚುವಷ್ಟು ಹೊತ್ತು.

ಬೂದಿಯೊಳಗಿಂದ ಮೊದಲು ಬರುವುದು ಸೀನು.
ಆಮೇಲೆ ಮೂಗು, ಒಂದೇ ಕಿವಿ ನಿಮಿರಿದ ತಲೆ,
ಕೊನೆಗೆ, ಬಹಳ ತಡವಾಗಿ,
ಮನಸ್ಸಿಲ್ಲದ ಬಾಲ.

ಹೊಟ್ಟು ಅಂತ ಅದರ ಹೆಸರು.
ಒಲೆಗೆ ಸುರಿಯುವ ಭತ್ತದ ಹೊಟ್ಟಿನದೇ ಬಣ್ಣ,
ಎತ್ತಿದರೆ ತೂಕವೂ ಅಷ್ಟೇ.
ದೀಪಾವಳಿಯ ಪಟಾಕಿಗೆ ಬೆದರಿ ಯಾರದೋ ಮನೆಯಿಂದ
ಓಡಿ ಬಂದದ್ದು; ಕೊರಳಲ್ಲಿ ಗೆಜ್ಜೆ ಉದುರಿದ ಪಟ್ಟಿ ಇತ್ತು.
ಹುಡುಕಿಕೊಂಡು ಯಾರೂ ಬರಲಿಲ್ಲ.
ನೆಲಕ್ಕೂ ಅದರ ಹೊಟ್ಟೆಗೂ ನಡುವೆ ನಾಲ್ಕೇ ಬೆರಳು.
ನಮಗೆ ಚಳಿ ಕಿವಿಯಿಂದ ಇಳಿದರೆ
ಅದಕ್ಕೆ ನೆಲದಿಂದ ಏರುತ್ತದೆ.

ನಾನು ಚೀಲದ ಬಾಯಿ ಹೊಲಿಯುವವನು.
ಇಪ್ಪತ್ತೆರಡು ವರ್ಷ ದಬ್ಬಣ ಹಿಡಿದಿದ್ದೇನೆ,
ಯಾರ ಅಳತೆಯನ್ನೂ ತೆಗೆದವನಲ್ಲ.
ಚೀಲಕ್ಕೆ ಎದೆಯಿಲ್ಲ, ಭುಜವಿಲ್ಲ,
ಬಿಗಿಯಾಯಿತು ಅಂತ ಅದು ಗೊಣಗುವುದಿಲ್ಲ.
ಎಳ್ಳಮಾಸೆಯ ಹಿಂದಿನ ರಾತ್ರಿ ಸುತಳಿಯನ್ನು
ಆ ಕೊರಳಿಗೆ ಸುತ್ತಿ ಒಂದು ಗಂಟು ಹಾಕಿದೆ,
ಎದೆಗೆ ಸುತ್ತಿ ಇನ್ನೊಂದು.
ನಡುಗುವ ಮೈ. ಮೂರು ಸಲ ಅಳೆದರೆ
ಮೂರು ಅಳತೆ.

ಮೊದಲ ಅಂಗಿ ಗೋಣಿಯದು. ಚುಚ್ಚಿತೇನೋ,
ಬೆಳಗಾಗುವುದರೊಳಗೆ ನಾರುನಾರು.
ಎರಡನೆಯದು ನನ್ನ ಹಳೇ ಸ್ವೆಟರಿನ ತೋಳು,
ಮೊಣಕೈ ಸವೆದ ತೂತಿನಿಂದ ಒಂದು ಮುಂಗಾಲು,
ಇನ್ನೊಂದಕ್ಕೆ ಕತ್ತರಿ.
ತೊಟ್ಟುಕೊಂಡು ಇಬ್ಬನಿಯ ಹುಲ್ಲಲ್ಲಿ ಅಲೆದು ಬಂತು.
‘ಬಿಚ್ಚೋ ಮೊದ್ಲು’ ಎಂದಳು ಜೈತುನ್‌ಬಿ,
‘ಹಸಿ ಅಂಗಿಗಿಂತ ಬರೀ ಮೈ ವಾಸಿ.’

ಆಕೆ ಅದನ್ನು ಮುಟ್ಟುವುದಿಲ್ಲ.
ನಮಾಜಿಗೆ ನಿಲ್ಲುವ ಬಟ್ಟೆ,
ಸೆರಗು ಸರಿಸಿ ದೂರ ನಿಲ್ಲುತ್ತಾಳೆ.
ಆದರೆ ಒಡೆದ ಮಡಕೆಯ ತಳದಲ್ಲಿ
ಉಗುರುಬೆಚ್ಚನೆಯ ನೀರು, ನೆನೆಸಿದ ರೊಟ್ಟಿ
ಇಡುವ ಕೈ ಆಕೆಯದೇ.
ಮಲಗುವ ಹಲಗೆಗೆ ಎರಡು ಇಟ್ಟಿಗೆ ಕೊಡಿಸಿದವಳೂ ಆಕೆ:
‘ಕಲ್ಲು ಥಂಡಿ ಐತಿ,
ಮೈಯಾಗಿನ ಬಿಸಿ ಎಲ್ಲಾ ಕುಡ್ದು ಬಿಡ್ತೈತಿ.’

ಹಲಗೆ ಇದೆ. ಅಂಗಿ ಒಣಗಿದೆ. ಗಾಳಿಗೆ ಅಡ್ಡವಾಗಿ
ಮೂಟೆ ನಿಲ್ಲಿಸಿದ್ದೇನೆ.
ಆದರೂ ನಡುರಾತ್ರಿ ಎದ್ದು ಅದು ಬೂದಿಗೇ ಹೋಗುತ್ತದೆ.
ಹೇಗೆ ತಿಳಿಸಲಿ,
ಮೇಲೆ ತಾಯಿಯ ಮಗ್ಗುಲಿನಂತೆ ಬೆಚ್ಚಗಿದ್ದರೂ
ಒಂದು ಗೇಣು ಕೆಳಗೆ ಕೆಂಡ
ಬರೀ ಕಣ್ಣು ಮುಚ್ಚಿಕೊಂಡಿದೆ ಎಂದು?

ಮೂರು ಸಲ ಯಾಕೆ ಬಡಿಯುತ್ತೀಯ ಎಂದು ಕೇಳಿದ್ದೆ.
ಆಕೆ ಜರಡಿ ಆಡಿಸುತ್ತಲೇ ಇದ್ದಳು.
ಪಕ್ಕದ ಭಟ್ಟಿಯ ಖಲಂದರ್ ಹೇಳಿದ:
ಮೂರು ವರ್ಷದ ಕೆಳಗೆ, ಇಂಥದೇ ಚಳಿ,
ಒಂದು ದಿನ ಬಡಿಯದೆ ಹೊತ್ತಿಸಿದಳು.
ಅಷ್ಟು ಹೇಳಿ ಬೀಡಿಗೆ ಕಡ್ಡಿ ಗೀರಿದ.

ಮೊನ್ನೆ ಬಡಿದಾಗ ಸೀನು ಬರಲಿಲ್ಲ.
ಮತ್ತೆ ಮೂರು. ಇಲ್ಲ.
ಸಲಾಕೆ ಕೆಳಗೆ ಬಿತ್ತು.
ಬಳೆ ಮೇಲೇರಿಸಿ ಜೈತುನ್‌ಬಿ
ಭುಜದ ತನಕ ತೋಳನ್ನು ಒಳಗೆ ತೂರಿಸಿದಳು.
ತಡಕಿದಳು. ಬೂದಿ, ಬೂದಿ,
ಒಂದು ಸುಟ್ಟ ಮೊಳೆ, ಬೂದಿ.

ಅದು ನನ್ನ ಬೆನ್ನ ಹಿಂದೆ,
ಮಂಡಕ್ಕಿ ತುಂಬಿದ ಚೀಲಗಳ ನಡುವೆ,
ನಾನೇ ಹೊಲಿದ ಬಾಯಿಯ ಮೇಲೆ ಗದ್ದ ಊರಿ
ಒಂದು ಕಣ್ಣು ತೆರೆದು ನೋಡುತ್ತಿತ್ತು.

ಬೈದಳು. ನಾಯಿಯನ್ನಲ್ಲ, ನನ್ನನ್ನು,
ನನ್ನ ಹೊಲಿಗೆಯನ್ನು, ನಮ್ಮಪ್ಪನನ್ನು.
ತೋಳು ತೊಳೆಯಲು ಹೋದವಳು
ನಲ್ಲಿಯನ್ನು ತಿರುಗಿಸದೆ ಬಹಳ ಹೊತ್ತು ನಿಂತಳು.

ಭಟ್ಟಿ ಹೊತ್ತಿದ್ದು ಐದೂವರೆಗೆ.
ಯಾಕೆ ತಡ ಎಂದ ಸಾಹುಕಾರ.
ಮುಖ ಎತ್ತದೆ ಹೇಳಿದಳು:
‘ಹೊಟ್ಟು ಸಿಗಲಿಲ್ರಿ.’