ಕುಬಸ

ಬೆಟಗೇರಿಯ ನಮ್ಮ ಡಿಟಿಪಿ ಅಂಗಡ್ಯಾಗ
ಮೊದಲನೇ ಕಂಪ್ಯೂಟರು ಕೆನಿ ಬಣ್ಣದ್ದು,
ದಪ್ಪ ಮೋತಿ, ಗೂನ ಬೆನ್ನು.
ಧೂಳಿಗಂತ ಟೇಲರ್ ಹುಸೇನಬಿ
ಖಣದಾಗ ಕುಬಸ ಹೊಲದು ಕೊಟ್ಟಳು:
ಕೆಂಪು ದಡಿ, ಹಿಂದ ಎರಡು ಕಸಿ.
ಲಗ್ನಪತ್ರಿಕಿ ಮಾಡಸಾಕ ಬಂದವರು
ಅದನ್ನ ಮುಟ್ಟಿ ನೋಡ್ಕೋತ ಚೌಕಾಸಿ ಮರೀತಿದ್ರು.

ಕೆನಿ ಹಳದ್ಯಾತು, ತಂಬಾಕದ ಹಲ್ಲಿನಂಗ.
ಆಮ್ಯಾಲೆ ಕರೀದು ಬಂತು.
ಕರೀದರ ಮ್ಯಾಲೆ ಧೂಳು ಹೆಚ್ಚ ಕಾಣತೈತಿ ಅಂತ
ಮಾರಿದಾಂವ ಹೇಳಿರಲಿಲ್ಲ.

ಈಗ ತಂಗಿ ಮಗ ಫಕೀರೇಶ
ಗಾಜಿನ ಡಬ್ಬಿ ತಂದಾನ.
ಒಳಗಿನ ಕರುಳೆಲ್ಲ ಕಾಣ್ತಾವ,
ಫ್ಯಾನು ಹಸರು, ನೀಲಿ, ಗುಲಾಬಿ ಆಗ್ಕೋತ ತಿರಗತಾವ.
ಹುಸೇನಬಿ ಚಸ್ಮಾ ಏರಿಸಿದಳು,
ಕೊರಳಾಗಿನ ಟೇಪು ತಗದು ಉದ್ದಗಲ ಅಳದಳು,
ಸೂಜಿ ಹಲ್ಲಾಗ ಹಿಡಕೊಂಡೇ ಕೇಳಿದಳು:
“ಇದು ತೋರಿಸ್ಕೊಳ್ಳೂ ಪೈಕಿ ಐತಿ.
ಕೊರಳು ಎಷ್ಟು ಇಳಸ್ಲಿ?”