ಚಾನೆಲ್ ಹದಿನಾರು

ಮಣಿಪಾಲದ ನಾಲ್ಕನೇ ಮಹಡಿ. ಕಿಟಕಿಯಾಚೆ ದೂರದಲ್ಲಿ
ತಗಡಿನದೊಂದು ಗೆರೆ: ಅದೇ ಕಡಲು.
ಮಾವ ಅತ್ತ ತಿರುಗುವುದಿಲ್ಲ. ಅವರ ಬಲಗೈ
ಯಾರೋ ಮರೆತುಹೋದ ಕೊಡೆಯ ಹಾಗೆ
ಹೊದಿಕೆಯ ಮೇಲೆ.

ಮಲ್ಪೆ ಬಂದರಿನ ವೈರ್‌ಲೆಸ್ ಕೋಣೆಯಲ್ಲಿ
ಇಪ್ಪತ್ತೆರಡು ವರ್ಷ ಕೂತ ಕಿವಿ ಅದು.
ಹೆಚ್ಚಾಗಿ ಗೊರಗೊರ, ನಡುವೆ ಬೈಗಳು, ಬೂತಾಯಿಯ ರೇಟು,
ವರ್ಷಕ್ಕೊಂದೆರಡು ಸಲ
ಒಂದು ಕೂಗು.

ನಾನು ಎರಡನೇ ಮಹಡಿಯ ಲ್ಯಾಬಿನವಳು,
ಸತ್ತವರ ಮಿದುಳನ್ನು ಕೂದಲಿಗಿಂತ ತೆಳ್ಳಗೆ ಕೊಯ್ದು
ಬಣ್ಣಕ್ಕದ್ದುವವಳು.
ಹಾಗಾಗಿ ಡಾಕ್ಟರ್ ಪ್ರೆಸಿಲ್ಲಾ ಸಕ್ಕರೆ ಹಚ್ಚದೆ ಹೇಳಿದರು:

ಸಾಯುವುದರಲ್ಲಿ ಎರಡು ನಮೂನೆ ಮಾರಾಯ್ತಿ.
ಒಂದು ಜೀವಕೋಶ ಲೆಕ್ಕ ಮುಗಿಸಿ, ಬಾಗಿಲೆಳೆದು
ತನ್ನನ್ನೇ ಮಡಚಿಕೊಂಡು ಹೋಗುತ್ತದೆ.
ಪಕ್ಕದವರಿಗೂ ಗೊತ್ತಾಗುವುದಿಲ್ಲ.
ಇನ್ನೊಂದು ಒಡೆಯುತ್ತದೆ.
ಒಳಗೇ ಇರಬೇಕಾದ್ದೆಲ್ಲ ಹೊರಗೆ ಚೆಲ್ಲುತ್ತದೆ.
ಕಾವಲಿನ ಕೋಶಗಳಿಗೆ ಆ ಚೆಲ್ಲಿದ್ದೇ ಕೂಗು,
ಅವಕ್ಕೆ ತಿಳಿಯುವುದು ಇಷ್ಟೆ: ಯಾರೋ ನುಗ್ಗಿದ್ದಾರೆ.

ಯಾರೂ ನುಗ್ಗಿಲ್ಲ.
ಹೆಸರುಕಾಳಿನಷ್ಟು ಹೆಪ್ಪು, ಅಷ್ಟೆ.

ಸ್ಲೈಡಿನಲ್ಲಿ ಕಂಡಿದ್ದೇನೆ ಅವನ್ನು.
ಸುಮ್ಮನಿರುವಾಗ ಸಣ್ಣ ಸಣ್ಣ ಕೈ ಚಾಚಿ
ನೆರೆಯವರ ಮೈ ಸವರುತ್ತಿರುವವು;
ಕೂಗು ಕೇಳಿದ್ದೇ ಕೈಗಳನ್ನೆಲ್ಲ ಒಳಗೆಳೆದು
ಉಬ್ಬಿ, ಉಂಡೆಯಾಗಿ, ಸತ್ತದ್ದರ ಜೊತೆ
ಬದುಕಿದ್ದನ್ನೂ ನುಂಗುವವು.
ಆ ಕಂದು ಬಣ್ಣ ಹಚ್ಚುವುದು ನಾನೇ.

ಮಾವ ಹಿಂದೆ ಹೇಳಿದ್ದು: ಆಗಸ್ಟಿನ ಒಂದು ರಾತ್ರಿ,
ಪಡುಕೆರೆಯಾಚೆ ದೋಣಿ ಮಗುಚಿತು.
ಬಂದ ಕೂಗನ್ನು ಮಾವ ಎಲ್ಲರಿಗೂ ದಾಟಿಸಿದರು.
ಹನ್ನೊಂದು ಬೋಟು ಒಟ್ಟಿಗೆ, ಕತ್ತಲಲ್ಲಿ, ಪೂರ್ತಿ ವೇಗದಲ್ಲಿ.
ಇಬ್ಬರನ್ನು ಕಡಲು ಕೊಂಡಿತು.
ಈಜುತ್ತಿದ್ದ ರುಕ್ಮ ಸಾಲಿಯಾನನನ್ನು ಕೊಂದದ್ದು
ಕಾಪಾಡಲು ಬಂದ ಬೋಟಿನ ಫ್ಯಾನು.
ಯಾರ ಬೋಟೆಂದು ಮಾವ
ಅತ್ತೆಗೂ ಹೇಳಲಿಲ್ಲ.

ಇವತ್ತು ನಾಲ್ಕನೇ ದಿನ. ಬಾವು ಏರುತ್ತಿದೆ.
ಆ ಕಾವಲನ್ನೇ ಪೂರ್ತಿ ಮಲಗಿಸಿಬಿಡಿ, ಎಂದೆ.
ಆಗುವುದಿಲ್ಲ, ಎಂದರು ಡಾಕ್ಟರ್.
ಹೆಣ ಎತ್ತುವವರೂ ಅವರೇ.

ಸಂಜೆ ಮಾವ ಕಣ್ಣು ತೆರೆದರು. ನನ್ನನ್ನೇ ನೋಡಿ
ಬಾಯಿಯ ಎಡಮೂಲೆಯಿಂದ:
ಏರ್ ಈ?

ಬಾಯಿಗೆ ಬಂದ ಅಳುವನ್ನು ಅಲ್ಲೇ ತಡೆದೆ.
ದೂರದಲ್ಲೇ ಎಂಜಿನ್ ಬಂದ್ ಮಾಡಿ
ಹುಟ್ಟು ಹಾಕಿಕೊಂಡು, ಮೆಲ್ಲಗೆ,
ನನ್ನ ಹೆಸರಿನವರೆಗೆ ಬಂದೆ.